ಮುಪ್ಪಿನಜ್ಜ ಕೇಳಿದ ರೆಕ್ಕೆಯ ಸದ್ದು

ಮಹಾತ್ಮರಿಗೆ ಹಕ್ಕಿಗಳು ಹೆದರುವುದಿಲ್ಲ ಎಂದು ಮಠದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು. ಹಕ್ಕಿಗಳು ಅದನ್ನು ಓದಿರಲಿಲ್ಲ.

ಮಠ ಇದ್ದದ್ದು ಕೆರೆಯ ದಂಡೆಯಲ್ಲಿ. ಗುರು ಮುಪ್ಪಿನಜ್ಜ ದಿನವೂ ಬೆಳಗಾಗುವ ಹೊತ್ತಿಗೆ ನೀರಿನಂಚಿಗೆ ಹೋಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಕಣ್ಣು ತೆರೆದರೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಪೊರೆ ಬೆಳೆದು ವರ್ಷಗಳಾಗಿದ್ದವು.

ಶಿಷ್ಯ ಅಡವಯ್ಯ ಚಾಪೆ ಹಾಸಿ ಪಕ್ಕದಲ್ಲಿ ಕೂರುತ್ತಿದ್ದ. ಗುರುವಿನ ಬದಲು ನೋಡಿ ಹೇಳುವುದು ಅವನ ಸೇವೆ.

"ರೆಕ್ಕಿ ಸದ್ದು ಕೇಳಾಕತ್ತೈತಿ," ಎನ್ನುತ್ತಿದ್ದ ಅಜ್ಜ. "ಬಂದ್ವೇನು?"

"ಬಂದ್ವ್ರೀ ಅಜ್ಜಾರ. ನಿಮ್ಮ ಸುತ್ತಲೇ ಅದಾವ್ರೀ."

ಅಜ್ಜನ ಮುಖ ಅರಳುತ್ತಿತ್ತು.

ಅದು ಹಕ್ಕಿ ಬರುವ ಸದ್ದಲ್ಲ, ಹೋಗುವ ಸದ್ದು. ಅಜ್ಜ ದಂಡೆಗೆ ಕಾಲಿಟ್ಟ ಕೂಡಲೇ ಬಣ್ಣದ ಕೊಕ್ಕರೆಗಳೆಲ್ಲ ಎದ್ದು ಹಾರಿಬಿಡುತ್ತಿದ್ದವು. ಅದನ್ನು ಆ ಮುಖಕ್ಕೆ ಹೇಳಲು ಅಡವಯ್ಯನಿಗೆ ಬಾಯಿ ಬಂದಿರಲಿಲ್ಲ.

ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಈ ಸುಳ್ಳಿನಿಂದ ಯಾರಿಗೂ ನಷ್ಟವಿರಲಿಲ್ಲ. ಕೆರೆ ದೊಡ್ಡದು. ಇಲ್ಲಿಂದ ಎದ್ದ ಹಕ್ಕಿ ಅಲ್ಲಿ ಇಳಿಯುತ್ತಿತ್ತು.

ಈ ವರ್ಷ ಮಳೆ ಕೈಕೊಟ್ಟಿತು. ಸುತ್ತಲಿನ ಕೆರೆಗಳು ಒಣಗಿ, ಅಲ್ಲಿನ ಕೊಕ್ಕರೆಗಳೂ ಇಲ್ಲಿಗೇ ಬಂದವು. ಕೆರೆಯೊಳಗಿನ ಜಾಲಿ ಮರಗಳಲ್ಲಿ ಗೂಡಿನ ಮೇಲೆ ಗೂಡು. ಮರಿಗಳು ಹುಟ್ಟುವ ಹೊತ್ತಿಗೆ ನೀರು ಕುಗ್ಗಿ ನಡುವಿಗೆ ಸರಿದಿತ್ತು.

ಒಂದು ದಂಡೆಯಲ್ಲಿ ಮೆಣಸಿನಕಾಯಿ ಹೊಲಗಳ ಪಂಪುಗಳು ಹಗಲೆಲ್ಲ ಗುಡುಗುತ್ತಿದ್ದವು. ಇನ್ನೊಂದರಲ್ಲಿ ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುವ ಟ್ರ್ಯಾಕ್ಟರು. ಮತ್ತೊಂದರಲ್ಲಿ ಮೀನಿನ ಬಲೆ.

ಕೊಕ್ಕರೆ ಮುಳುಗಿ ಮೀನು ಹಿಡಿಯುವ ಹಕ್ಕಿಯಲ್ಲ. ಆಳವಿಲ್ಲದ ನೀರಿನಲ್ಲಿ ನಿಂತು ಹಿಡಿಯಬೇಕು. ಅಂಥ ನೀರು, ಅಂಥ ಸದ್ದಿಲ್ಲದ ಜಾಗ ಉಳಿದದ್ದು ಮಠದ ಮುಂದೆ ಮಾತ್ರ.

ಅಲ್ಲಿ ಮಹಾತ್ಮರು ಕೂತಿದ್ದರು.

ಅವರ ಹಿಂದೆ, ಹಕ್ಕಿಗಳ ನಡುವೆ ಕೂತ ಮಹಾತ್ಮರನ್ನು ನೋಡಲು ಬಂದ ಭಕ್ತರು. ಹಕ್ಕಿಗಳು ಕಾಣದಿದ್ದರೆ ತಮ್ಮ ಪಾಪಕ್ಕೆ ಕಾಣಲಿಲ್ಲ ಎಂದುಕೊಳ್ಳುತ್ತಿದ್ದರು. ಅಜ್ಜ ಎದ್ದು ಹೋದ ಮೇಲೂ ಆ ಜಾಗದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಸಂಜೆಯವರೆಗೆ ಜನ.

ಕೊಕ್ಕರೆಗಳು ಮರದಲ್ಲಿ ಕೂತು ಕಾಯುತ್ತಿದ್ದವು. ಗೂಡುಗಳಲ್ಲಿ ಮರಿಗಳು ಕಿರುಚುತ್ತಿದ್ದವು.

ಒಂದು ಬೆಳಿಗ್ಗೆ ಸತ್ತ ಮರಿಯೊಂದು ನೀರಿನಂಚಿಗೆ ತೇಲಿ ಬಂದಿತ್ತು. ಅಡವಯ್ಯ ಎತ್ತಿಕೊಂಡ. ತೂಕವೇ ಇರಲಿಲ್ಲ. ಭಕ್ತರು ನೋಡುವ ಮುನ್ನ ಹೂತ. ಮರುದಿನ ಮತ್ತೆ ಹೂಳಬೇಕಾಯಿತು.

ಅವನಿಗೆ ಊಟ ಸೇರದಾಯಿತು.

"ಯಾಕಯ್ಯಾ, ರೊಟ್ಟಿ ಮುರಿದು ಮುರಿದು ಗುಡ್ಡಿ ಹಾಕೀದಿ?" ಎಂದಳು ಮಠದ ಅಡುಗೆಯ ಬಾಳವ್ವ. "ಹಕ್ಕಿಗೆ ಹಾಕಾವನೇನು?"

ಅವನು ಎಲ್ಲ ಹೇಳಿದ.

"ಹಂಗಾದ್ರ ಅಜ್ಜಾರಿಗೆ ಹೇಳು."

"ಹಕ್ಕಿ ನಿಮಗ ಹೆದರ್ತಾವ ಅಂತ ಹೆಂಗ ಹೇಳ್ಲಿ ಬಾಳವ್ವಾ?"

"ನನಗೂ ಹೆದರ್ತಾವ. ನಾ ಏನು ಸತ್ತೇನು?"

"ನೀ ಮಹಾತ್ಮಳಲ್ಲ."

"ಅದಕ್ಕ ರೊಟ್ಟಿ ಬಡಿಯಾಕತ್ತೀನಿ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಮರುದಿನ ಅಡವಯ್ಯ ಚಾಪೆ ಹಿಡಿದುಕೊಂಡೇ ನಿಂತ.

"ಅಜ್ಜಾರ, ಇವತ್ತ ಥಂಡಿ ಭಾಳ ಐತ್ರೀ. ಒಳಗ ಕುಂದ್ರೋಣ್ರೀ."

"ಥಂಡಿ ಹಕ್ಕಿಗಿಲ್ಲೇನು? ನಡಿ."

"ದಂಡಿಮ್ಯಾಲೆ ಹಾವು ಕಂಡೇನ್ರೀ."

"ಎಲ್ಲಿ?"

"ನೀವು ಕುಂದ್ರೋ ಜಾಗದಾಗ."

"ಧ್ಯಾನದಾಗ ಇದ್ದವ್ರನ್ನ ಹಾವು ಕಡಿಯಂಗಿಲ್ಲ."

"ನಾ ಧ್ಯಾನದಾಗ ಇರಂಗಿಲ್ರೀ."

"ಅದು ನನಗ ಗೊತ್ತೈತಿ," ಎಂದ ಅಜ್ಜ. "ಚಾಪಿ ಹಾಸು."

ಅಡವಯ್ಯ ಹಾಸಿದ. ಕೊಕ್ಕರೆಗಳು ಎದ್ದವು.

ಅಜ್ಜ ಕಿವಿಗೊಟ್ಟು ಕೇಳಿ ಮುಗುಳ್ನಕ್ಕ. "ಬಂದ್ವೇನು?"

ಅಡವಯ್ಯ ಮರಗಳ ಕಡೆ ನೋಡಿದ. ಮರಿಗಳ ಕೂಗು ನಿನ್ನೆಗಿಂತ ಸಣ್ಣದಾಗಿತ್ತು. ನಿಜ ಹೇಳಿದರೆ ಈ ಮುದುಕನಿಗೆ ಉಳಿದಿರುವ ಒಂದೇ ಸುಖ ಹೋಗುತ್ತದೆ. ತನ್ನನ್ನು ಮಠದಿಂದ ಓಡಿಸಿದರೂ ಓಡಿಸಿಯಾರು. ಹೇಳದಿದ್ದರೆ ಇನ್ನು ಕೆಲವೇ ದಿನಗಳಲ್ಲಿ ಆ ಮರಗಳಲ್ಲಿ ಕೂಗಲು ಯಾರೂ ಇರುವುದಿಲ್ಲ.

"ಹೋದ್ವ್ರೀ," ಎಂದ.

"ಏನಂದಿ?"

"ನೀವು ಬಂದ ಕೂಡಲೇ ಹೋಗ್ತಾವ್ರೀ ಅಜ್ಜಾರ. ದಿನಾನೂ. ನೀವು ಕೇಳೋದು ಅವು ಹೋಗೋ ಸದ್ದು. ನಾ ಸುಳ್ಳು ಹೇಳ್ತಿದ್ದೆ. ಈಗ ಅವಕ್ಕ ಉಣ್ಣಾಕ ಇದೊಂದೇ ಜಾಗಾ ಉಳದೈತ್ರೀ. ಮರಿ ಸಾಯಾಕತ್ತಾವ."

ಹಿಂದೆ ಕೂತ ಭಕ್ತರು ಕತ್ತು ನೀಡಿ ಮರಗಳ ಕಡೆ ನೋಡಿದರು.

ಅಜ್ಜನ ಮುಖವನ್ನು ನೋಡಲಾರದೆ ಅಡವಯ್ಯ ನೆಲ ನೋಡಿದ.

"ಎಲ್ಲಾನೂ ಹೋಗ್ತಾವೇನು?" ಎಂದ ಅಜ್ಜ. "ಒಂದಾದ್ರೂ..."

"ಒಂದೂ ಇರಂಗಿಲ್ರೀ."

ಅಜ್ಜ ನೆಲಕ್ಕೆ ಕೈಯೂರಿ ಎದ್ದ. ಅಡವಯ್ಯನ ಹೆಗಲು ಹಿಡಿದು ಅಡುಗೆಮನೆಯ ಹಿಂದೆ, ಕಟ್ಟಿಗೆ ಒಟ್ಟಿದ್ದ ಕಡೆ ಹೋಗಿ, ಗೋಡೆಗೆ ಮುಖ ಮಾಡಿ ಕೂತ.

ಭಕ್ತರಲ್ಲಿ ಒಬ್ಬ ಬೆನ್ನುಹತ್ತಿ ಬಂದ. ಅವನು ಕಲ್ಲನಗೌಡ, ಇಟ್ಟಿಗೆ ಭಟ್ಟಿಯ ಒಡೆಯ. ಗೋಡೆಯ ಮೇಲಿನ ನೀಲಿ ಬಣ್ಣದ ಖರ್ಚು ಅವನದೇ.

"ಅಜ್ಜಾರ, ಇವನ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ. ನೀವು ಅಲ್ಲೇ ಕುಂದ್ರಬೇಕು. ಹಕ್ಕಿ ಯಾಕ ಬರವಲ್ವು ಅನ್ನೋದನ್ನ ನಾವು ನೋಡ್ಕೋತೀವ್ರಿ."

"ನಾ ಎದ್ದೆ, ಗೌಡ," ಎಂದ ಅಜ್ಜ. "ನೀ ಯಾವಾಗ ಏಳ್ತೀ?"

ಗೌಡ ನಿಂತೇ ಇದ್ದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಟ್ರ್ಯಾಕ್ಟರ್ ಬರಲಿಲ್ಲ. ಮನಸ್ಸು ಕರಗಿತೋ, ಟೈರು ಪಂಚರಾಯಿತೋ, ಯಾರೂ ಕೇಳಲಿಲ್ಲ. ಪಂಪುಗಳು ಎಂದಿನಂತೆ ಓಡುತ್ತಿದ್ದವು.

ಅಡವಯ್ಯ ದಂಡೆಯ ದಾರಿಗೆ ಮುಳ್ಳುಕಂಟಿ ಅಡ್ಡ ಹಾಕಿ, ಮಠದ ಕಿಟಕಿಯಿಂದ ನೋಡುತ್ತ ನಿಂತ. ಬಿಸಿಲು ಏರಿದರೂ ಏನೂ ಇಳಿಯಲಿಲ್ಲ. ತಡವಾಯಿತೇನೋ, ದೊಡ್ಡವೂ ಬಿಟ್ಟು ಹೋದವೇನೋ.

ಆಮೇಲೆ ಒಂದು ಕೊಕ್ಕರೆ ಇಳಿಯಿತು. ಖಾಲಿ ದಂಡೆಯನ್ನು ನಂಬದೆ ಮತ್ತೆ ಎದ್ದಿತು. ಮತ್ತೆ ಇಳಿಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಗುಂಪು. ತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ ಅವು ನಡೆಯತೊಡಗಿದವು.

ಅಡವಯ್ಯ ಅಡುಗೆಮನೆಯ ಹಿಂದಕ್ಕೆ ಓಡಿದ.

"ಅಜ್ಜಾರ, ಇಳದಾವ್ರೀ. ಮೀನ ಹಿಡಿಯಾಕತ್ತಾವ."

"ಈ ಸಲ ಖರೇನೋ?"

"ಖರೇನ್ರೀ."

ಅಜ್ಜ ಗೋಡೆಯ ಕಡೆಗೇ ಮುಖವಿಟ್ಟುಕೊಂಡಿದ್ದ. ಅವನ ಹೆಗಲ ಮೇಲೆ ಕಟ್ಟಿಗೆಯ ಧೂಳು ಕೂತಿತ್ತು.

ಮಧ್ಯಾಹ್ನ ಕಳೆಯಿತು. ಕೊಕ್ಕರೆಗಳು ಮರಕ್ಕೂ ನೀರಿಗೂ ಓಡಾಡಿದವು. ಇಳಿಹೊತ್ತಿಗೆ ಅಜ್ಜ ತಲೆ ಎತ್ತಿದ.

"ಮರಿ?"

ಅಡವಯ್ಯ ಕಿವಿಗೊಟ್ಟ. ಇಷ್ಟು ದಿನ ಎದೆ ಕೊರೆದ ಕೂಗು ಎಲ್ಲಿಂದಲೂ ಬರುತ್ತಿರಲಿಲ್ಲ.

"ದನಿ ನಿಂತೈತ್ರೀ."

"ಹೊಟ್ಟಿ ತುಂಬಿ ನಿಂತೈತೋ, ಸತ್ತು ನಿಂತೈತೋ?"

"ಇಲ್ಲಿಂದ ಗೊತ್ತಾಗಂಗಿಲ್ರೀ. ಹತ್ರ ಹೋಗಿ ನೋಡ್ಕೊಂಡು ಬರ್ತೀನ್ರೀ."

ಅವನಾಗಲೇ ಹೊರಟಿದ್ದ. ಅಜ್ಜ ತಡಕಾಡಿ ಅವನ ಧೋತರದ ಅಂಚು ಹಿಡಿದ.

"ಕುಂದ್ರು," ಎಂದ. "ಗೊತ್ತಾಗ್ಲಾರ್ದ ಇರಾಕ ಕಲಿ."