ಗೋಡೆಗೆ ಅಂಟಿಸಿದ ರಿಪೋರ್ಟು

ಅಂದು ಎಂದಿನಂತೆ ಅಡುಗೆಯ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಬೇಳೆ ಮಿಲ್ಲಿನ ಸಾಹುಕಾರ ಶಿವಶರಣಪ್ಪನವರು ಅಂಗಳದಲ್ಲಿ ಕುಸಿದು ಬಿದ್ದರು.

"ಇವರಿಗೆ ಏನು ಕಾಯಿಲೆ? ಯಾವ ಔಷಧ ಒಗ್ಗುವುದಿಲ್ಲ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅವರ ಕಾಯಿಲೆಯ ರಿಪೋರ್ಟು ಮನೆಯ ತಿಜೋರಿಯಲ್ಲಿತ್ತು. ಕೀಲಿ ಎಲ್ಲಿದೆಯೆಂದು ಸಾಹುಕಾರರೊಬ್ಬರಿಗೇ ಗೊತ್ತು. ಹೇಗೋ ಬದುಕಿದರು.

ಮನೆಗೆ ಮರಳಿದ ಮೇಲೆ ನೀಲವ್ವ ಹೇಳಿದಳು: "ಯಪ್ಪಾ, ಆ ರಿಪೋರ್ಟು ಕೈಗೆ ಸಿಗೂವಂಗ ಇಡ್ರಿ."

"ಇಟ್ಟರ ನೀ ಅದನ್ನ ಪಾಲುದಾರ ಕಾಶಪ್ಪಗ ತೋರಸ್ತಿ. ಅಂವ ನನ್ನ ಸಾವು ಕಾಯ್ಕೋತ ಕುಂತಾನ."

ಮರುದಿನ ನೀಲವ್ವ ಸಾರು ಬಡಿಸುತ್ತ ದನಿ ತಗ್ಗಿಸಿದಳು: "ಕಾಶಪ್ಪನವರು ಕೇಳಾಕತ್ತಿದ್ರು. ಬರೇ ಸಕ್ಕರಿ ರೋಗ ಆಗಿದ್ರ ಇಷ್ಟ್ಯಾಕ ಮುಚ್ಚಿಡ್ತಾರ, ತಲೀಗೆ ಏನರ ಆಗೇತೇನು ಅಂತ. ತಲಿ ಕೆಟ್ಟವರ ಸಹಿ ಬ್ಯಾಂಕಿನ್ಯಾಗ ನಡೆಯೂದಿಲ್ಲಂತಲ್ಲ?"

ಸಾಹುಕಾರರ ತುತ್ತು ಕೈಯಲ್ಲೇ ನಿಂತಿತು. "ನೀ ಏನಂದಿ?"

"ನಾ ಏನ ಹೇಳ್ಲಿ? ರಿಪೋರ್ಟು ನಾ ಕಂಡೇ ಇಲ್ಲ."

ಸಂಜೆಯೊಳಗೆ ರಿಪೋರ್ಟು ಮಿಲ್ಲಿನ ಬಾಗಿಲ ಪಕ್ಕದ ಗೋಡೆಯ ಮೇಲಿತ್ತು. ಅದರ ಕೆಳಗೆ ಸಾಹುಕಾರರೇ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಸಕ್ಕರೆ ರೋಗ ಮಾತ್ರ. ನೋವಿನ ಇಂಜೆಕ್ಷನ್ ಒಗ್ಗುವುದಿಲ್ಲ. ತಲೆ ಸರಿ ಇದೆ."

ಕಾಶಪ್ಪ ಅದನ್ನು ಎರಡು ಸಲ ಓದಿದ. "ಇದರಾಗ ಏನೋ ಮಸಲತ್ತು ಐತಿ," ಎಂದ.

ದೀಪಾವಳಿಗೆ ಮುಂಚೆ ಸಾಹುಕಾರರು ಮಿಲ್ಲಿನ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ನೋವಿಗೆ ಅವರ ಮಾತೇ ನಿಂತುಹೋಗಿತ್ತು. ಆಂಬುಲೆನ್ಸಿನಲ್ಲಿ ಬಂದ ನರ್ಸ್ ನೋವಿನ ಇಂಜೆಕ್ಷನ್ ತುಂಬಿಸಿಕೊಂಡು ಗೋಡೆಯತ್ತ ನೋಡಿದಳು, ಸಿರಿಂಜನ್ನು ಕೆಳಗಿಟ್ಟಳು.