ಕೆಲಸ ಸಿಕ್ಕ ವಿದ್ಯಾರ್ಥಿ

ಆ ಕೃಷಿ ವಿಶ್ವವಿದ್ಯಾಲಯದ ವಾರ್ತಾಪತ್ರಕ್ಕೆ ಸುದ್ದಿ ಬರೆಯುವವನು, ಫೋಟೊ ತೆಗೆಯುವವನು, ಡೀನ್ ಪಂಚಾಕ್ಷರಯ್ಯನವರಿಗೆ ಕಾಫಿ ತರುವವನು, ಮೂವರೂ ಒಬ್ಬನೇ. ದಿನಗೂಲಿ ಗುಮಾಸ್ತ.

ಒಂದು ಬೆಳಿಗ್ಗೆ ಡೀನ್ ಗುಡುಗಿದರು: "ಕೆಲಸ ಸಿಕ್ಕಿರೋ ನಮ್ಮ ವಿದ್ಯಾರ್ಥಿ ಒಬ್ಬನಾದ್ರೂ ಈ ಸಂಚಿಕೇಲಿ ಇರ್ಲೇಬೇಕು ಕಣಯ್ಯ. ಇಲ್ದಿದ್ರೆ ನಾಳೆಯಿಂದ ನೀನೂ ಇರಲ್ಲ."

ಗುಮಾಸ್ತ ಕಡತಗಳನ್ನೆಲ್ಲ ತಡಕಾಡಿದ. ಒಬ್ಬನೂ ಸಿಗಲಿಲ್ಲ. ಸಂಜೆ ಕಾಫಿಯ ಜೊತೆ ಒಂದು ಪುಟ ತಂದಿಟ್ಟ: "ಬೀಜ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ನಮ್ಮ ವಿದ್ಯಾರ್ಥಿ ಹನ್ನೊಂದು ವರ್ಷಗಳಿಂದ ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದರಲ್ಲಿ ಡೀನ್ ಅವರ ಜೊತೆಯಲ್ಲೇ ಕೆಲಸ ಮಾಡುತ್ತಿದ್ದಾರೆ."

ಡೀನ್ ಹಿಗ್ಗಿಹೋದರು. "ಭೇಷ್! ಕರೆಸು ಅವರನ್ನ, ಶಾಲು ಹೊದಿಸೋಣ. ಎಲ್ಲಿದ್ದಾರೆ?"

"ಇಲ್ಲೇ ನಿಂತಿದ್ದೀನಿ ಸಾರ್. ಕಾಫಿ ಆರಿಹೋಗ್ತಿದೆ."

ಡೀನರ ಮುಖ ಕಪ್ಪಿಟ್ಟಿತು. ಆದರೆ ಪುಟ ಆವತ್ತೇ ಅಚ್ಚಿಗೆ ಹೋಗಬೇಕಿತ್ತು. "ಸರಿ, ಕೂತ್ಕೋ," ಎಂದು ಶಾಲು ಬಿಡಿಸಿದರು. "ಫೋಟೊ ಯಾರು ತೆಗೀತಾರೆ?"

"ನಾನೇ ಸಾರ್."

ಸಂಚಿಕೆ ಬಂತು. ಫೋಟೊದಲ್ಲಿ ಡೀನ್ ನಗುನಗುತ್ತಾ ಖಾಲಿ ಕುರ್ಚಿಗೆ ಶಾಲು ಹೊದಿಸುತ್ತಿದ್ದರು. ಅದರ ಕೆಳಗೆ ಗುಮಾಸ್ತ ಬರೆದಿದ್ದ: "ಕೆಲಸ ಸಿಕ್ಕ ನಮ್ಮ ವಿದ್ಯಾರ್ಥಿ."