ಕೊಕ್ಕರೆ ಸ್ವಾಮಿಗಳು ಕಥೆ ನಿಲ್ಲಿಸಿದ್ದು

ಕೆರೆದಂಡೆಯ ಶಾಲೆಯಲ್ಲಿ ಕಥೆ ಹೇಳಿಕೊಂಡಿದ್ದ ನರಿಯ ಕೆಲಸಕ್ಕೆ ಒಂದು ಬೆಳಿಗ್ಗೆ ಸಂಚಕಾರ ಬಂತು. ಮೀನು ಬಿಟ್ಟು ಸತ್ಯವ್ರತ ಹಿಡಿದಿದ್ದ ಕೊಕ್ಕರೆ ಸ್ವಾಮಿಗಳು ಧರ್ಮವನ್ನು ಶುದ್ಧಿ ಮಾಡಲು ಹೊರಟು, ಮೊದಲು ಅಲ್ಲಿಗೇ ಬಂದಿಳಿದರು.

“ಪ್ರಾಣಿಗಳು ಮಾತಾಡುವ ಕಥೆ ಶುದ್ಧ ಸುಳ್ಳು. ಇನ್ನು ಮೇಲೆ ಬರೀ ಉಪದೇಶ!”

“ಈಗ ಮಾತಾಡುತ್ತಿರುವುದು ಯಾರು ಬುದ್ಧೀ?” ಎಂದಿತು ನರಿ.

“ಬಾಯಿ ಮುಚ್ಚು!”

ಇಪ್ಪತ್ತು ವರ್ಷ ಸಾಕಿದ ಸುಳ್ಳುಗಳು ಒಂದೇ ದಿನಕ್ಕೆ ಹೋದವಲ್ಲ ಎಂದು ನರಿಗೆ ಹೊಟ್ಟೆ ಉರಿಯಿತು. ಆದರೂ ಹಿಂದಿನ ಸಾಲಿನಲ್ಲಿ ಕೂತಿತು. ಸ್ವಾಮಿಗಳು ಒಂಟಿಕಾಲಲ್ಲಿ ನಿಂತು ಅಪ್ಪಣೆ ಕೊಡಿಸಿದರು: “ಮಕ್ಕಳೇ, ದುರಾಸೆ ಪಡಬಾರದು.”

“ಪಟ್ಟರೆ?” ಎಂದಿತು ಕಪ್ಪೆಮರಿ.

“ಪಾಪ ಬರುತ್ತದೆ.”

“ಬಂದು ಏನು ಮಾಡುತ್ತದೆ?”

ಸ್ವಾಮಿಗಳು ಕಾಲು ಬದಲಿಸಿ ನಿಂತರು. ಮೊಲದ ಮರಿಗಳು ಆಗಲೇ ಗೊರಕೆ ಹೊಡೆಯುತ್ತಿದ್ದವು. “ಹಾಗಲ್ಲವೋ, ಹಿಂದೊಮ್ಮೆ ದುರಾಸೆಯ ಮೀನೊಂದು ನನಗೆ ಹೇಳಿತು...”

ಗೊರಕೆ ನಿಂತಿತು. ಮೀನಿಗೆ ಮೀಸೆ ಬಂತು, ಪೇಟ ಬಂತು, ಏಳು ಜನ ಹೆಂಡಿರೂ ಬಂದರು. ಸ್ವಾಮಿಗಳು ಎರಡೂ ಕಾಲೂರಿ ಕುಣಿದೇ ಕುಣಿದರು.

“ಮೀನು ಮಾತಾಡಿತೇ ಬುದ್ಧೀ?” ಎಂದಿತು ನರಿ.

“ಇದು ಕಥೆಯಲ್ಲವೋ ಮೂಢ, ದೃಷ್ಟಾಂತ!”

“ಆಮೇಲೆ ಮೀನು ಏನಾಯಿತು?” ಎಂದಿತು ಕಪ್ಪೆಮರಿ.

ಸತ್ಯವ್ರತಿಗಳು, ಸುಳ್ಳಾಡುವಂತಿಲ್ಲ. “ತಿಂದೆ,” ಎಂದುಬಿಟ್ಟರು.

ಕಪ್ಪೆಮರಿಗಳೆಲ್ಲ ಬುಳುಂ ಬುಳುಂ ಎಂದು ಕೆರೆಗೆ ಹಾರಿದವು.

ಮಾರನೆಯ ದಿನವೇ ನರಿಗೆ ಕೆಲಸ ಮರಳಿ ಸಿಕ್ಕಿತು. ನರಿ ದೃಷ್ಟಾಂತ ಹೇಳುವುದು, ಕೊನೆಗೆ ಸ್ವಾಮಿಗಳು ನೀತಿ ಹೇಳುವುದು ಎಂದು ಒಪ್ಪಂದವಾಯಿತು. ಸ್ವಾಮಿಗಳು ಇವತ್ತಿಗೂ ತಪ್ಪದೆ ಹೇಳುತ್ತಾರೆ. ಅಷ್ಟು ಹೊತ್ತಿಗೆ ಮಕ್ಕಳು ಎದ್ದು ಹೋಗಿರುತ್ತಾರೆ.